ಹಾಸನ ಜಂಕ್ಷನ್: ನಡುದಾರಿಯ ನಿಲ್ದಾಣದ ಇತಿಹಾಸ ಮತ್ತು ಸೇವೆಯ ವಿಮರ್ಶೆ

ಹಾಸನ ರೈಲು ನಿಲ್ದಾಣದಲ್ಲಿ ನಾಲ್ಕು ಕಡೆಯ ಹಳಿಗಳು ಕೂಡುತ್ತವೆ. ಉತ್ತರಕ್ಕೆ 47 ಕಿ.ಮೀ. ದೂರದಲ್ಲಿ ಅರಸೀಕೆರೆ, ದಕ್ಷಿಣಕ್ಕೆ ಹೊಳೆನರಸೀಪುರ ಮತ್ತು ಕೃಷ್ಣರಾಜನಗರಗಳನ್ನು ಹಾದು 119 ಕಿ.ಮೀ. ದೂರದಲ್ಲಿ ಮೈಸೂರು, ಪಶ್ಚಿಮಕ್ಕೆ ಸಕಲೇಶಪುರದ ಘಟ್ಟ ಇಳಿದರೆ ಮಂಗಳೂರು, ಪೂರ್ವಕ್ಕೆ ಶ್ರವಣಬೆಳಗೊಳ ಮತ್ತು ಕುಣಿಗಲ್ ಮೇಲೆ ಸುಮಾರು 180 ಕಿ.ಮೀ. ಸಾಗಿದರೆ ಬೆಂಗಳೂರು. ನಕ್ಷೆಯ ಮೇಲೆ ಇಷ್ಟು ಅನುಕೂಲವಾಗಿ ಕುಳಿತಿರುವ ಜಿಲ್ಲಾ ಕೇಂದ್ರಗಳು ರಾಜ್ಯದಲ್ಲಿ ಹೆಚ್ಚಿಲ್ಲ. ಆದರೆ ಈ ಅನುಕೂಲ ಸಮಯಪಟ್ಟಿಯಲ್ಲಿ ಅಷ್ಟಾಗಿ ಕಾಣಿಸುವುದಿಲ್ಲ. ಹಾಸನದ ಮೂಲಕ ಹಾದುಹೋಗುವ ರೈಲುಗಳು ಸಾಕಷ್ಟಿದ್ದರೂ ಹಾಸನದವರ ದಿನಚರಿಯನ್ನು ಗಮನದಲ್ಲಿಟ್ಟುಕೊಂಡು ಓಡುವ ರೈಲುಗಳು ಕೆಲವೇ. ನಿಲ್ದಾಣವೊಂದನ್ನು ಅಳೆಯುವಾಗ ಅಲ್ಲಿ ಎಷ್ಟು ರೈಲುಗಳು ನಿಲ್ಲುತ್ತವೆ ಎಂದು ಎಣಿಸುವುದಕ್ಕಿಂತ, ಎಷ್ಟು ರೈಲುಗಳು ಅಲ್ಲಿಂದಲೇ ಹೊರಡುತ್ತವೆ, ಯಾವ ಹೊತ್ತಿಗೆ ಹೊರಡುತ್ತವೆ ಎಂದು ನೋಡುವುದೇ ನ್ಯಾಯ ಎಂಬ ನಿಲುವಿನಿಂದ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ.

ಈ ಪರಿಸ್ಥಿತಿ ಹೇಗೆ ಬಂತೆಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. 1880ರ ದಶಕದಲ್ಲಿ ಬೆಂಗಳೂರಿನಿಂದ ಹರಿಹರದ ಕಡೆಗೆ ಮೀಟರ್ ಗೇಜ್ (ಒಂದು ಮೀಟರ್ ಅಗಲದ) ಹಳಿ ಹಾಕಿದಾಗ ಅದು ತುಮಕೂರು, ತಿಪಟೂರು, ಅರಸೀಕೆರೆ, ಕಡೂರು, ಬೀರೂರುಗಳ ಮೇಲೆ ಸಾಗಿತು. ಹಾಸನ ಆ ದಾರಿಯಿಂದ ದೂರವೇ ಉಳಿಯಿತು. ರೈಲು ಹತ್ತಬೇಕಾದ ಹಾಸನದವರು ಅರಸೀಕೆರೆಗೆ ಗಾಡಿ ಕಟ್ಟಿಕೊಂಡು ಹೋಗಬೇಕಾದ ಕಾಲ ಮೂರು ದಶಕಗಳಷ್ಟು ನಡೆಯಿತು. ತೆಂಗಿನಕಾಯಿ ವ್ಯಾಪಾರದಿಂದ ಬೆಳೆದ ಅರಸೀಕೆರೆ ಇಂದಿಗೂ ರೈಲಿನ ವಿಚಾರದಲ್ಲಿ ಜಿಲ್ಲಾ ಕೇಂದ್ರಕ್ಕಿಂತ ಒಂದು ಹೆಜ್ಜೆ ಮುಂದೆಯೇ ಇದೆ. ಅದರ ಬೇರು ಅಂದಿನ ಆ ನಿರ್ಧಾರದಲ್ಲಿದೆ.

ಹಾಸನಕ್ಕೆ ರೈಲು ಬಂದದ್ದು 1918ರಲ್ಲಿ, ಮೈಸೂರು–ಅರಸೀಕೆರೆ ಮಾರ್ಗ ತೆರೆದಾಗ. ಸರ್ ಎಂ. ವಿಶ್ವೇಶ್ವರಯ್ಯನವರು 1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿದ್ದ ಅವಧಿಯಲ್ಲಿ ಸಂಸ್ಥಾನವೇ ಮುಂದೆ ನಿಂತು ಕಟ್ಟಿಸಿದ ಮಾರ್ಗವಿದು. ಬೆಂಗಳೂರನ್ನು ಸುತ್ತದೆ ರಾಜಧಾನಿ ಮೈಸೂರನ್ನು ಉತ್ತರದ ಜಿಲ್ಲೆಗಳೊಂದಿಗೆ ನೇರವಾಗಿ ಜೋಡಿಸುವುದು ಅದರ ಉದ್ದೇಶವಾಗಿತ್ತು. ಅಂದರೆ ಹುಟ್ಟಿದ ದಿನದಿಂದಲೇ ಹಾಸನ ದಾರಿಯ ನಡುವಿನ ನಿಲ್ದಾಣವಾಗಿತ್ತೇ ಹೊರತು ದಾರಿಯ ಕೊನೆಯಾಗಿರಲಿಲ್ಲ. 1951ರಲ್ಲಿ ಮೈಸೂರು ಸ್ಟೇಟ್ ರೈಲ್ವೆಯು ದಕ್ಷಿಣ ರೈಲ್ವೆಯಲ್ಲಿ ವಿಲೀನವಾಯಿತು. 2003ರಲ್ಲಿ ಹುಬ್ಬಳ್ಳಿಯನ್ನು ಕೇಂದ್ರವಾಗಿಟ್ಟುಕೊಂಡು ನೈಋತ್ಯ ರೈಲ್ವೆ ಆರಂಭವಾದ ಮೇಲೆ ಹಾಸನವು ಅದರ ಮೈಸೂರು ವಿಭಾಗಕ್ಕೆ ಸೇರಿತು.

ಎರಡನೆಯ ದೊಡ್ಡ ಬದಲಾವಣೆ ಬಂದದ್ದು ಕರಾವಳಿಯ ಕಡೆಯಿಂದ. ನವ ಮಂಗಳೂರು ಬಂದರು 1974ರಲ್ಲಿ ಪ್ರಮುಖ ಬಂದರೆಂದು ಘೋಷಿತವಾಗಿತ್ತು. ಬಂದರಿಗೆ ಒಳನಾಡಿನ ಸರಕು, ಮುಖ್ಯವಾಗಿ ಅದಿರು, ತಲುಪಬೇಕಾದರೆ ಘಟ್ಟ ಇಳಿಯುವ ಹಳಿ ಬೇಕಿತ್ತು. ಹಾಸನ–ಮಂಗಳೂರು ಮೀಟರ್ ಗೇಜ್ ಮಾರ್ಗ 1979ರಲ್ಲಿ ಪೂರ್ಣಗೊಂಡಿತು. ಸಕಲೇಶಪುರ ಮತ್ತು ಸುಬ್ರಹ್ಮಣ್ಯ ರೋಡ್ ನಡುವಿನ 55 ಕಿ.ಮೀ. ಭಾಗದಲ್ಲಿ 57 ಸುರಂಗಗಳೂ ನೂರಕ್ಕೂ ಹೆಚ್ಚು ಸೇತುವೆಗಳೂ ಇವೆ. ಪ್ರತಿ 50 ಮೀಟರಿಗೆ ಒಂದು ಮೀಟರ್ ಏರುವ ಅಥವಾ ಇಳಿಯುವ ಈ ಹಳಿಯ ಮೇಲೆ ಹತ್ತುವ ರೈಲಿಗೆ ಹೆಚ್ಚುವರಿ ಎಂಜಿನ್ ಜೋಡಿಸಬೇಕಾಗುತ್ತದೆ. ಇಳಿಯುವ ರೈಲು ಬ್ರೇಕಿನ ಮೇಲೆಯೇ ತೆವಳುತ್ತದೆ. ಘಟ್ಟದ ಈ ಐವತ್ತೈದು ಕಿಲೋಮೀಟರನ್ನು ದಾಟಲು ಎರಡು ಗಂಟೆಗೂ ಹೆಚ್ಚು ಕಾಲ ಹಿಡಿಯುವುದಕ್ಕೆ ಕಾರಣ ರೈಲ್ವೆಯವರ ಆಲಸ್ಯವಲ್ಲ, ಬೆಟ್ಟದ ಏರಿಳಿತ.

ಹೀಗೆ ಕಷ್ಟಪಟ್ಟು ಕಟ್ಟಿದ ಮಾರ್ಗ ಎರಡು ದಶಕ ತುಂಬುವ ಮೊದಲೇ ಮುಚ್ಚಿತು. ಹೆಚ್ಚು ಅಗಲದ ಬ್ರಾಡ್ ಗೇಜ್‌ಗೆ ಪರಿವರ್ತಿಸುವ ಕೆಲಸಕ್ಕಾಗಿ 1996ರಲ್ಲಿ ಸಂಚಾರ ನಿಂತಿತು. ಕೆಲಸಕ್ಕೆ ವೇಗ ಬರಲು 2003ರಲ್ಲಿ ಹಾಸನ–ಮಂಗಳೂರು ರೈಲು ಅಭಿವೃದ್ಧಿ ಕಂಪನಿ ಸ್ಥಾಪನೆಯಾಗಬೇಕಾಯಿತು. 2006ರಲ್ಲಿ ಸರಕು ರೈಲುಗಳೂ 2007ರ ಡಿಸೆಂಬರಿನಲ್ಲಿ ಪ್ರಯಾಣಿಕರ ರೈಲುಗಳೂ ಮತ್ತೆ ಓಡಲಾರಂಭಿಸಿದವು. ಒಂದು ಇಡೀ ಪೀಳಿಗೆಯ ಶಾಲಾ ಮಕ್ಕಳು ಹಾಸನದಿಂದ ಮಂಗಳೂರಿಗೆ ರೈಲಿದೆ ಎಂಬುದನ್ನು ಹಿರಿಯರ ಬಾಯಿಂದ ಕೇಳಿ ಮಾತ್ರ ತಿಳಿದಿದ್ದರು. ಆ ಹನ್ನೊಂದು ವರ್ಷಗಳಲ್ಲಿ ಶಿರಾಡಿ ಘಟ್ಟದ ಬಸ್ಸಿಗೆ ಒಗ್ಗಿಹೋದ ಜನರನ್ನು ಮರಳಿ ರೈಲಿಗೆ ಕರೆತರುವ ಕೆಲಸ ಈಗಲೂ ಅರ್ಧದಲ್ಲೇ ಇದೆ.

ಮೂರನೆಯದು ಬೆಂಗಳೂರಿನ ನೇರ ಮಾರ್ಗ. ಹಾಸನದವರ ಪಾಲಿಗೆ ಎಲ್ಲಕ್ಕಿಂತ ಮುಖ್ಯವಾದದ್ದೂ ಇದೇ. ಅದಕ್ಕೂ ಮೊದಲು ರೈಲಿನಲ್ಲಿ ಬೆಂಗಳೂರಿಗೆ ಹೋಗಬೇಕೆಂದರೆ ಅರಸೀಕೆರೆ ಮತ್ತು ತುಮಕೂರಿನ ಮೇಲೆ 200 ಕಿ.ಮೀ.ಗೂ ಹೆಚ್ಚು ದೂರ ಸಾಗಬೇಕಿತ್ತು. ಮೈಸೂರು ಸುತ್ತಿದರೆ ಅದು 250 ದಾಟುತ್ತಿತ್ತು. ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯ ಎಚ್.ಡಿ. ದೇವೇಗೌಡರು ಪ್ರಧಾನಿಯಾಗಿದ್ದಾಗ, 1996–97ರಲ್ಲಿ, ಹೊಸ ಮಾರ್ಗಕ್ಕೆ ಮಂಜೂರಾತಿ ದೊರೆಯಿತು. ಶ್ರವಣಬೆಳಗೊಳದಲ್ಲಿ 2006ರ ಮಹಾಮಸ್ತಕಾಭಿಷೇಕ ನಡೆಯುವ ಹೊತ್ತಿಗೆ ಹಾಸನದಿಂದ ಅಲ್ಲಿಯವರೆಗಿನ ಹಳಿ ಸಿದ್ಧವಾಯಿತು. ಉಳಿದ ಭಾಗ ಪೂರ್ಣಗೊಳ್ಳಲು ಮತ್ತೆ ಹನ್ನೊಂದು ವರ್ಷ ಹಿಡಿಯಿತು. 2017ರ ಮಾರ್ಚ್ 26ರಂದು ಅಂದಿನ ರೈಲ್ವೆ ಸಚಿವ ಸುರೇಶ್ ಪ್ರಭು ಅವರು ಹಸಿರು ನಿಶಾನೆ ತೋರಿದ ಮೇಲೆ ಚನ್ನರಾಯಪಟ್ಟಣ, ಹಿರೀಸಾವೆ, ಯಡಿಯೂರು, ಕುಣಿಗಲ್, ಸೋಲೂರುಗಳ ಜನ ಮೊದಲ ಬಾರಿಗೆ ತಮ್ಮೂರಿನಿಂದಲೇ ರಾಜಧಾನಿಯ ರೈಲು ಹತ್ತುವಂತಾಯಿತು. ಹನ್ನೆರಡು ವರ್ಷಕ್ಕೊಮ್ಮೆ ಬರುವ ಮಸ್ತಕಾಭಿಷೇಕ 2018ರಲ್ಲಿ ಮತ್ತೆ ಬಂದಾಗ ಬೆಂಗಳೂರಿನ ಭಕ್ತರು ನೇರವಾಗಿ ಬೆಳಗೊಳದಲ್ಲೇ ಇಳಿದರು.

ಇನ್ನು ಸೇವೆಯ ವಿಚಾರ. ಈ ನಿಲ್ದಾಣದ ಅತ್ಯುತ್ತಮ ರೈಲು ಯಾವುದೆಂದು ಕೇಳಿದರೆ ನನ್ನ ಉತ್ತರದಲ್ಲಿ ಅನುಮಾನವಿಲ್ಲ: ಯಶವಂತಪುರ–ಹಾಸನ ಇಂಟರ್‌ಸಿಟಿ. ನೇರ ಮಾರ್ಗದ ಜೊತೆಯಲ್ಲೇ ಹುಟ್ಟಿದ ಈ ರೈಲು ಬೆಳಗ್ಗೆ ಹಾಸನದಿಂದ ಹೊರಟು ಕಚೇರಿಗಳು ತೆರೆಯುವ ಹೊತ್ತಿಗೆ ಯಶವಂತಪುರ ಸೇರುತ್ತದೆ, ಸಂಜೆ ಅಲ್ಲಿಂದ ಹೊರಟು ರಾತ್ರಿ ಊಟದ ವೇಳೆಗೆ ಹಾಸನಕ್ಕೆ ಮರಳುತ್ತದೆ. ವಿಧಾನಸೌಧದಲ್ಲಿ ಕೆಲಸವಿರುವವರಿಗೂ ದೊಡ್ಡಾಸ್ಪತ್ರೆಯಲ್ಲಿ ವೈದ್ಯರನ್ನು ಕಾಣಬೇಕಾದವರಿಗೂ ಸಂದರ್ಶನಕ್ಕೆ ಹೋಗುವ ಹುಡುಗ ಹುಡುಗಿಯರಿಗೂ ಒಂದೇ ದಿನದಲ್ಲಿ ಹೋಗಿ ಬರುವ ಸೌಲಭ್ಯ ಇದರಿಂದ ಸಿಕ್ಕಿತು. ಹೊರಡುವ ಸ್ಥಳ ಹಾಸನವೇ ಆದ್ದರಿಂದ ರೈಲು ಮೊದಲೇ ಪ್ಲಾಟ್‌ಫಾರಂನಲ್ಲಿ ನಿಂತಿರುತ್ತದೆ. ಮುಂಗಡ ಟಿಕೆಟ್ ಇಲ್ಲದವರೂ ಸ್ವಲ್ಪ ಬೇಗ ಬಂದರೆ ಕಿಟಕಿಯ ಬಳಿ ಸೀಟು ಹಿಡಿಯಬಹುದು. ಒಂದು ಊರಿಗಾಗಿ ರೈಲು ಓಡಿಸುವುದೆಂದರೆ ಹೀಗೆ. ಇಂಥ ಇನ್ನೊಂದು ರೈಲು ಮೈಸೂರಿನ ಕಡೆಗೂ ಇದ್ದಿದ್ದರೆ ಈ ವಿಮರ್ಶೆಯ ಧಾಟಿಯೇ ಬದಲಾಗುತ್ತಿತ್ತು.

ಹಾಸನದಲ್ಲೇ ಕೊನೆಗೊಳ್ಳುವ ಇನ್ನೊಂದು ದೂರದ ರೈಲೆಂದರೆ ಸೊಲ್ಲಾಪುರ–ಹಾಸನ ಎಕ್ಸ್‌ಪ್ರೆಸ್. ಮೊದಲು ಯಶವಂತಪುರದವರೆಗೆ ಮಾತ್ರ ಬರುತ್ತಿದ್ದ ಈ ರೈಲನ್ನು ನೇರ ಮಾರ್ಗ ಸಿದ್ಧವಾದ ಮೇಲೆ ಹಾಸನಕ್ಕೆ ವಿಸ್ತರಿಸಲಾಯಿತು. ಕಲಬುರಗಿ, ಯಾದಗಿರಿ, ರಾಯಚೂರು ಕಡೆಯಿಂದ ಕಾಫಿ ತೋಟಗಳಿಗೂ ಕಟ್ಟಡ ಕೆಲಸಕ್ಕೂ ಬರುವವರಿಗೆ, ಹಾಗೆಯೇ ಆ ಭಾಗದಲ್ಲಿ ಸರ್ಕಾರಿ ನೌಕರಿಯಲ್ಲಿರುವ ಹಾಸನದವರಿಗೆ ಬೆಂಗಳೂರಿನಲ್ಲಿ ಇಳಿದು ಹತ್ತುವ ತೊಂದರೆ ಇದರಿಂದ ತಪ್ಪಿದೆ. ಇದರ ಬಗ್ಗೆ ಊರಿನಲ್ಲಿ ಹೆಚ್ಚು ಮಾತು ಕೇಳಿಬರುವುದಿಲ್ಲ, ಆದರೆ ಬಡವರಿಗೆ ನಿಜವಾಗಿ ಉಪಯೋಗವಾಗಿರುವ ರೈಲು ಇದು.

ಉಳಿದ ರೈಲುಗಳ ಸ್ಥಿತಿ ಬೇರೆ. ಬೆಂಗಳೂರಿನಿಂದ ಕಣ್ಣೂರಿಗೆ, ಕಾರವಾರಕ್ಕೆ, ಮೈಸೂರಿನ ಮೇಲೆ ಮುರುಡೇಶ್ವರಕ್ಕೆ ಹೋಗುವ ರೈಲುಗಳು, ಮೈಸೂರಿನಿಂದ ಧಾರವಾಡದ ಕಡೆಗೆ ಹೋಗುವ ಎಕ್ಸ್‌ಪ್ರೆಸ್ ಎಲ್ಲವೂ ರಾತ್ರಿಯವು. ಬೆಂಗಳೂರಿನವನು ಊಟ ಮುಗಿಸಿ ಹತ್ತಬೇಕು, ಬೆಳಗ್ಗೆ ಕರಾವಳಿಯಲ್ಲಿ ಇಳಿಯಬೇಕು ಎಂಬ ಲೆಕ್ಕದಲ್ಲಿ ಸಮಯ ಗೊತ್ತುಮಾಡಿದರೆ ನಡುದಾರಿಯ ಹಾಸನಕ್ಕೆ ಆ ರೈಲು ತಡರಾತ್ರಿಯಲ್ಲೋ ನಸುಕಿಗೂ ಮುಂಚೆಯೋ ಬರುವುದು ಅನಿವಾರ್ಯ. ಎರಡೂ ತುದಿಗಳಿಗೆ ಒಪ್ಪುವ ಹೊತ್ತು ನಡುವಿನ ಊರಿಗೆ ಎಂದೂ ಒಪ್ಪುವುದಿಲ್ಲ. ಆದ್ದರಿಂದ ಹಾಸನ ಜಂಕ್ಷನ್ ಹಗಲಿನಲ್ಲಿ ಬಹುಪಾಲು ಖಾಲಿಯಾಗಿದ್ದು, ಊರು ಮಲಗಿದ ಮೇಲೆ ತುಂಬಿಕೊಳ್ಳುತ್ತದೆ. ಇದನ್ನು ದೋಷವೆಂದು ಹೇಳುವುದಕ್ಕಿಂತ ಭೂಗೋಳದ ಫಲವೆಂದು ಹೇಳುವುದು ಸರಿ. ಆದರೆ ಇದರ ಪರಿಣಾಮಗಳನ್ನು ಪ್ರಯಾಣಿಕನು ಮೊದಲೇ ತಿಳಿದಿರಬೇಕು.

ಮೊದಲನೆಯದು ದಿನಾಂಕದ ತೊಡಕು. ಶುಕ್ರವಾರ ರಾತ್ರಿ ಬೆಂಗಳೂರು ಬಿಡುವ ರೈಲು ಮಧ್ಯರಾತ್ರಿ ಕಳೆದ ಮೇಲೆ ಹಾಸನಕ್ಕೆ ಬಂದರೆ, ಹಾಸನದಲ್ಲಿ ಹತ್ತುವವರ ಟಿಕೆಟ್ ಶನಿವಾರದ ದಿನಾಂಕದಲ್ಲಿರಬೇಕು. ಆ್ಯಪ್‌ನಲ್ಲಿ ಕಾಯ್ದಿರಿಸುವಾಗ ಹತ್ತುವ ನಿಲ್ದಾಣವೆಂದು ಹಾಸನವನ್ನೇ ಕೊಟ್ಟರೆ ಅದು ಸರಿಯಾದ ದಿನಾಂಕವನ್ನು ತೋರಿಸುತ್ತದೆ. ಆದರೂ ‘ಶುಕ್ರವಾರ ರಾತ್ರಿ ಹೋಗೋಣ’ ಎಂದು ಮನೆಯಲ್ಲಿ ಮಾತಾಡಿಕೊಂಡು ಶುಕ್ರವಾರದ ಟಿಕೆಟ್ ತೆಗೆಸಿದರೆ ರೈಲು ಹಿಂದಿನ ರಾತ್ರಿಯೇ ಹೋಗಿಬಿಟ್ಟಿರುತ್ತದೆ. ಹಾಸನ, ಸಕಲೇಶಪುರ, ಅರಸೀಕೆರೆಯಂಥ ನಡುದಾರಿಯ ಊರುಗಳಲ್ಲಿ ಟಿಕೆಟ್ ಮೇಲಿನ ಗಂಟೆಯನ್ನು 24 ತಾಸಿನ ಲೆಕ್ಕದಲ್ಲಿ ಓದುವುದನ್ನು ಅಭ್ಯಾಸ ಮಾಡಿಕೊಳ್ಳಲೇಬೇಕು.

ಎರಡನೆಯದು ಸೀಟಿನ ಹಂಚಿಕೆ. ಇಲ್ಲಿ ನಡುದಾರಿಯವರ ಕಷ್ಟ ಇನ್ನೂ ಸ್ಪಷ್ಟವಾಗುತ್ತದೆ. ರೈಲು ಹೊರಡುವ ಊರಿನಿಂದ ಕಾಯ್ದಿರಿಸುವವರು ಸಾಮಾನ್ಯ ಕೋಟಾದ ದೊಡ್ಡ ಪಾಲಿನಲ್ಲಿ ಬರುತ್ತಾರೆ. ಅವರ ವೇಟಿಂಗ್ ಲಿಸ್ಟ್ ಬೇಗ ಕರಗುತ್ತದೆ. ನಡುವಿನ ನಿಲ್ದಾಣಗಳಿಂದ ಹತ್ತುವವರಿಗೆ ಬಹುತೇಕ ‘ಆರ್‌ಎಲ್‌ಡಬ್ಲ್ಯುಎಲ್’ (ರಿಮೋಟ್ ಲೊಕೇಶನ್ ವೇಟಿಂಗ್ ಲಿಸ್ಟ್) ಅಥವಾ ‘ಪಿಕ್ಯುಡಬ್ಲ್ಯುಎಲ್’ (ಪೂಲ್ಡ್ ಕೋಟಾ ವೇಟಿಂಗ್ ಲಿಸ್ಟ್) ಎಂದು ಗುರುತಿಸಿದ ಪ್ರತ್ಯೇಕ ಪಟ್ಟಿಗಳು ಸಿಗುತ್ತವೆ. ಈ ಪಟ್ಟಿಗಳಿಗೆ ಮೀಸಲಾದ ಬರ್ತ್‌ಗಳು ಕಡಿಮೆ ಇರುವುದರಿಂದ ಹತ್ತರೊಳಗಿನ ಸಂಖ್ಯೆಯೂ ಖಚಿತವಾಗದೆ ಉಳಿಯಬಹುದು. ವಾರಾಂತ್ಯದಲ್ಲಿ ಖಂಡಿತ ಹೋಗಲೇಬೇಕಾದವರಿಗೆ ಇರುವ ಉಪಾಯವೆಂದರೆ ಬೆಂಗಳೂರಿನಿಂದಲೇ ಟಿಕೆಟ್ ತೆಗೆಸಿ, ಸೀಟುಗಳ ಅಂತಿಮ ಪಟ್ಟಿ (ಚಾರ್ಟ್) ಸಿದ್ಧವಾಗುವ ಮೊದಲು ಹತ್ತುವ ನಿಲ್ದಾಣವನ್ನು ಹಾಸನವೆಂದು ಬದಲಾಯಿಸಿಕೊಳ್ಳುವುದು. ಪ್ರಯಾಣಿಸದ ದೂರಕ್ಕೂ ಹಣ ತೆರಬೇಕಾಗುತ್ತದೆ, ಆದರೆ ನಿಯಮದ ಒಳಗೇ ಇರುವ ದಾರಿ ಅದು. 2024ರ ನವೆಂಬರಿನಿಂದ ಮುಂಗಡ ಕಾಯ್ದಿರಿಸುವಿಕೆಯ ಅವಧಿಯನ್ನು 120 ದಿನಗಳಿಂದ 60 ದಿನಗಳಿಗೆ ಇಳಿಸಿರುವುದರಿಂದ ಹಬ್ಬದ ಯೋಜನೆಯನ್ನು ಎರಡು ತಿಂಗಳ ಮುಂಚೆ ಮಾಡಿದರೆ ಸಾಕಾಗುತ್ತದೆ.

ಮೂರನೆಯದು ರಾತ್ರಿಯ ಹೊತ್ತು ನಿಲ್ದಾಣ ತಲುಪುವ ಮತ್ತು ಅಲ್ಲಿಂದ ಮನೆ ಸೇರುವ ವಿಚಾರ. ನಿಲ್ದಾಣವಿರುವುದು ಬಿ.ಎಂ. ರಸ್ತೆಯ ಕಡೆ, ಊರಿನೊಳಗೇ. ಹಗಲಿನಲ್ಲಿ ನಗರ ಸಾರಿಗೆ ಬಸ್ಸು, ಆಟೊ ಎರಡಕ್ಕೂ ಕೊರತೆಯಿಲ್ಲ. ನಸುಕಿನ ಮೂರು ಗಂಟೆಗೆ ಇಳಿದು ಬೇಲೂರಿಗೋ ಅರಕಲಗೂಡಿಗೋ ಹೋಗಬೇಕಾದವರು ಮೊದಲ ಬಸ್ಸಿನವರೆಗೆ ಕಾಯುವುದೇ ಕ್ಷೇಮ. ವಯಸ್ಸಾದವರನ್ನೂ ಮಕ್ಕಳನ್ನೂ ಕರೆದುಕೊಂಡು ಬರುವವರು ವಾಹನವನ್ನು ಮೊದಲೇ ಗೊತ್ತುಮಾಡಿಕೊಂಡಿರಬೇಕು. ತಡರಾತ್ರಿಯಲ್ಲಿ ಊಟ ಸಿಗುತ್ತದೆಂದು ನಂಬಿಕೊಂಡು ಬರುವುದಕ್ಕಿಂತ ಊರಿನಲ್ಲೇ ಮುಗಿಸಿಕೊಂಡು ಬರುವುದು ಒಳ್ಳೆಯದು. ಟಿಕೆಟ್ ಕೌಂಟರು, ಕಾಯ್ದಿರಿಸುವ ಕೇಂದ್ರ, ಕಾಯುವ ಕೊಠಡಿ, ಮೇಲ್ಸೇತುವೆಗಳ ಬಗ್ಗೆ ವಿಶೇಷವಾಗಿ ಹೇಳಬೇಕಾದ್ದೇನೂ ಇಲ್ಲ. ಜಿಲ್ಲಾ ಕೇಂದ್ರದ ನಿಲ್ದಾಣವೊಂದರಲ್ಲಿ ಇರಬೇಕಾದವು ಇವೆ. ಕಾಯ್ದಿರಿಸದ ಟಿಕೆಟನ್ನು ಮೊಬೈಲ್ ಆ್ಯಪ್‌ನಲ್ಲೇ ತೆಗೆದುಕೊಂಡರೆ ಬೆಳಗಿನ ಇಂಟರ್‌ಸಿಟಿಯ ಸಾಲಿನಲ್ಲಿ ನಿಲ್ಲುವುದು ತಪ್ಪುತ್ತದೆ. ನಿಲ್ದಾಣಗಳನ್ನು ನವೀಕರಿಸುವ ಅಮೃತ ಭಾರತ ಯೋಜನೆಯಲ್ಲಿ ಹಾಸನ, ಅರಸೀಕೆರೆ ಎರಡೂ ನಿಲ್ದಾಣಗಳಿರುವುದರಿಂದ ಕಟ್ಟಡದ ಮುಖಚಹರೆ ಬದಲಾಗುತ್ತದೆ. ಚಂದದ ಕಮಾನನ್ನು ನಾನು ಬೇಡವೆನ್ನುವುದಿಲ್ಲ, ಆದರೆ ಒಂದು ಹೆಚ್ಚುವರಿ ಹಗಲು ರೈಲು ಸಿಗುವುದಾದರೆ ಆ ಕಮಾನನ್ನು ಸಂತೋಷದಿಂದ ಬಿಟ್ಟುಕೊಡುತ್ತೇನೆ.

ಹಗಲಿನ ರೈಲಿನ ಮಾತು ಬಂದಾಗ ಘಟ್ಟದ ಪಯಣವನ್ನು ಬಿಟ್ಟು ಮುಂದೆ ಹೋಗಲಾಗದು. ಯಶವಂತಪುರದಿಂದ ಮಂಗಳೂರಿಗೂ ಕಾರವಾರಕ್ಕೂ ಬೆಳಗ್ಗೆ ಹೊರಡುವ ರೈಲುಗಳು ವಾರದ ದಿನಗಳನ್ನು ಹಂಚಿಕೊಂಡು ಓಡುತ್ತವೆ; ಬಾಹುಬಲಿಯ ಹೆಸರು ಹೊತ್ತ ಗೋಮಟೇಶ್ವರ ಎಕ್ಸ್‌ಪ್ರೆಸ್ ಅವುಗಳಲ್ಲೊಂದು. ಹಾಸನದವರಿಗೆ ಇವು ತಿಂಡಿ ಮುಗಿಸಿ ನೆಮ್ಮದಿಯಾಗಿ ಹತ್ತಬಹುದಾದ ಹೊತ್ತಿಗೆ ಸಿಗುತ್ತವೆ. ಆಲೂರು, ಬಾಳ್ಳುಪೇಟೆ ದಾಟುವವರೆಗೆ ಭತ್ತದ ಗದ್ದೆ, ಶುಂಠಿ ಹೊಲ, ಕಾಫಿ ತೋಟಗಳ ಅಂಚು. ಸಕಲೇಶಪುರದ ನಂತರ ದೋಣಿಗಲ್, ಕಡಗರವಳ್ಳಿ, ಯಡಕುಮೇರಿ, ಶಿರಿಬಾಗಿಲು ಎಂಬ ನಿಲ್ದಾಣಗಳು. ಇವುಗಳಲ್ಲಿ ಯಡಕುಮೇರಿಯ ಸುತ್ತ ಕಾಡಲ್ಲದೆ ಊರೇ ಇಲ್ಲ. ಸುರಂಗ ಮುಗಿದೊಡನೆ ಸೇತುವೆ, ಸೇತುವೆ ಮುಗಿದೊಡನೆ ಮತ್ತೆ ಸುರಂಗ. ಮಳೆಗಾಲದಲ್ಲಿ ಬಂಡೆಗಳ ಮೇಲಿಂದ ಇಳಿಯುವ ನೀರು ಬೋಗಿಯ ಪಕ್ಕದಲ್ಲೇ ಹರಿಯುತ್ತದೆ. 2021ರ ಜುಲೈನಲ್ಲಿ ಈ ರೈಲುಗಳಿಗೆ ವಿಸ್ಟಾಡೋಮ್ ಬೋಗಿಗಳನ್ನು ಜೋಡಿಸಲಾಯಿತು. 44 ಆಸನಗಳ, ಗಾಜಿನ ಛಾವಣಿಯ, ಸುತ್ತ ತಿರುಗಿಸಬಹುದಾದ ಕುರ್ಚಿಗಳ ಆ ಬೋಗಿಯ ದರ ದುಬಾರಿ. ನನ್ನ ಅಭಿಪ್ರಾಯದಲ್ಲಿ ಇದು ಒಮ್ಮೆ ಅನುಭವಿಸಬೇಕಾದ ಸೌಕರ್ಯವೇ ಹೊರತು ಪ್ರತಿ ಬಾರಿಯೂ ಬೇಕಾದದ್ದಲ್ಲ. ಗಾಳಿಗೆ ತೆರೆದ ಸಾಮಾನ್ಯ ಕಿಟಕಿಯಿಂದ ಒಳಬರುವ ಕಾಡಿನ ತಂಪನ್ನೂ ಸುರಂಗದ ತೇವದ ವಾಸನೆಯನ್ನೂ ಹವಾನಿಯಂತ್ರಿತ ಗಾಜು ಹೊರಗೇ ನಿಲ್ಲಿಸಿಬಿಡುತ್ತದೆ. ಬಾಗಿಲಲ್ಲಿ ನಿಂತು ಚಿತ್ರ ತೆಗೆಯುವ ಚಪಲ ಮಾತ್ರ ಬೇಡ. ಸುರಂಗದ ಗೋಡೆಗಳು ಬೋಗಿಗೆ ತೀರ ಹತ್ತಿರವಿರುತ್ತವೆ.

ಕುಕ್ಕೆ ಸುಬ್ರಹ್ಮಣ್ಯಕ್ಕೆ ಹೋಗುವವರು ಗಮನಿಸಬೇಕಾದ ಎರಡು ಸಂಗತಿಗಳಿವೆ. ಸುಬ್ರಹ್ಮಣ್ಯ ರೋಡ್ ನಿಲ್ದಾಣವಿರುವುದು ನೆಟ್ಟಣದಲ್ಲಿ. ಅಲ್ಲಿಂದ ಕ್ಷೇತ್ರಕ್ಕೆ ಸುಮಾರು 12 ಕಿ.ಮೀ. ದೂರ ಬಸ್ಸಿನಲ್ಲೋ ಜೀಪಿನಲ್ಲೋ ಹೋಗಬೇಕು. ಇಳಿಯುವ ಹಗಲು ರೈಲು ಅಲ್ಲಿಗೆ ಮಧ್ಯಾಹ್ನ ತಲುಪುವ ಹೊತ್ತಿಗೆ ಹತ್ತುವ ಹಗಲು ರೈಲೂ ಅದೇ ಆಸುಪಾಸಿನಲ್ಲಿ ಹೊರಟಿರುತ್ತದೆ. ಆದ್ದರಿಂದ ಹಗಲಿನ ರೈಲಿನಲ್ಲೇ ಹೋಗಿ, ದರ್ಶನ ಮಾಡಿ, ಅದೇ ದಿನ ಹಗಲಿನ ರೈಲಿನಲ್ಲೇ ಮರಳುವುದು ಸಾಧ್ಯವಿಲ್ಲ. ಒಂದು ರಾತ್ರಿ ತಂಗಬೇಕು, ಇಲ್ಲವೇ ಮರಳುವಾಗ ಬಸ್ಸು ಹಿಡಿಯಬೇಕು.

ಈ ಮಾರ್ಗದ ವಿಶ್ವಾಸಾರ್ಹತೆಯನ್ನು ಮಳೆಗಾಲದಲ್ಲಿ ಬೇರೆ ಅಳತೆಯಿಂದ ನೋಡಬೇಕು. 2018ರ ಆಗಸ್ಟ್‌ನಲ್ಲಿ ಮಲೆನಾಡಿನಲ್ಲಿ ಸುರಿದ ಮಳೆಗೆ ಹತ್ತಾರು ಕಡೆ ಗುಡ್ಡ ಜರಿದು ಘಟ್ಟದ ಸಂಚಾರ ವಾರಗಟ್ಟಲೆ ನಿಂತಿತ್ತು. 2024ರ ಜುಲೈ ಕೊನೆಯಲ್ಲಿ ಕಡಗರವಳ್ಳಿ–ಯಡಕುಮೇರಿ ನಡುವೆ ಹಳಿಯ ಕೆಳಗಿನ ಮಣ್ಣೇ ಕುಸಿದು ಮತ್ತೆ ರೈಲುಗಳು ರದ್ದಾದವು. ಮಳೆ ಸುರಿಯುತ್ತಿರುವಾಗಲೇ ಮರಳಿನ ಚೀಲ, ಕಲ್ಲುಗಳನ್ನು ಪೇರಿಸಿ ಹಳಿಯನ್ನು ಮತ್ತೆ ನಿಲ್ಲಿಸಿದ ಕಾರ್ಮಿಕರ ಶ್ರಮವನ್ನು ಇಲ್ಲಿ ಸ್ಮರಿಸಲೇಬೇಕು. ಟ್ರ್ಯಾಕ್‌ಮನ್‌ಗಳು ಮಳೆಯಲ್ಲಿ ರಾತ್ರಿಯಿಡೀ ನಡೆದು ಹಳಿ ನೋಡುವುದರಿಂದಲೇ ನಾವು ಮೇಲಿನ ಬರ್ತ್‌ನಲ್ಲಿ ನಿದ್ದೆ ಮಾಡುತ್ತೇವೆ. 2025ರ ಜೂನ್‌ನಿಂದ ಘಟ್ಟದ ವಿದ್ಯುದೀಕರಣಕ್ಕಾಗಿ ಹಗಲಿನ ರೈಲುಗಳನ್ನು ತಿಂಗಳುಗಟ್ಟಲೆ ನಿಲ್ಲಿಸಲಾಗಿತ್ತು. ಸುರಂಗಗಳ ಒಳಗೆ ತಂತಿ ಎಳೆಯುವ ಕೆಲಸ ಹಗಲಿನಲ್ಲೇ ಆಗಬೇಕಾದ್ದರಿಂದ ಬೇರೆ ದಾರಿ ಇರಲಿಲ್ಲವೇನೋ. ಆದರೂ ರಾತ್ರಿಯ ರೈಲುಗಳು ಉಳಿದು ಹಗಲಿನವು ಹೋದಾಗ ಹೆಚ್ಚು ನಷ್ಟವಾದದ್ದು ನಡುದಾರಿಯ ಊರುಗಳಿಗೇ. ಜೂನ್‌ನಿಂದ ಸೆಪ್ಟೆಂಬರ್ ನಡುವೆ ಕರಾವಳಿಗೆ ಹೊರಡುವವರು ಮನೆ ಬಿಡುವ ಮೊದಲು ರೈಲ್ವೆ ಸಹಾಯವಾಣಿ 139ಕ್ಕೆ ಕರೆ ಮಾಡಿ ರೈಲಿನ ಸ್ಥಿತಿಯನ್ನು ವಿಚಾರಿಸುವುದು ಒಳ್ಳೆಯದು.

ಇನ್ನು ಹತ್ತಿರದ ಊರುಗಳ ಓಡಾಟ. ಉಪನಗರ ರೈಲು ಎಂದರೆ ಬೆಂಗಳೂರು, ಮುಂಬೈಗಳದ್ದೇ ನೆನಪಾಗುತ್ತದೆ; ಆದರೆ ಹಾಸನಕ್ಕೂ ತನ್ನದೇ ಆದ ಒಂದು ಸುತ್ತು ಇದೆ. ಅರಸೀಕೆರೆ ಕಡೆಗೆ ಕೋರವಂಗಲ, ಬಾಗೇಶಪುರ, ಹಬ್ಬನಘಟ್ಟ. ಮೈಸೂರಿನ ಕಡೆಗೆ ಮಾವಿನಕೆರೆ, ಹೊಳೆನರಸೀಪುರ, ಅಕ್ಕಿಹೆಬ್ಬಾಳು. ಬೆಂಗಳೂರಿನ ಕಡೆಗೆ ಶಾಂತಿಗ್ರಾಮ, ಚನ್ನರಾಯಪಟ್ಟಣ. ಘಟ್ಟದ ಕಡೆಗೆ ಆಲೂರು, ಸಕಲೇಶಪುರ. ಈ ಊರುಗಳಿಂದ ಎಂಜಿನಿಯರಿಂಗ್ ಕಾಲೇಜಿಗೆ, ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ, ಜಿಲ್ಲಾ ನ್ಯಾಯಾಲಯಕ್ಕೆ, ಗಾರ್ಮೆಂಟ್ಸ್ ಕಾರ್ಖಾನೆಗಳಿಗೆ ದಿನವೂ ಬರುವ ಜನ ಕಡಿಮೆಯೇನಲ್ಲ. ಪ್ಯಾಸೆಂಜರ್ ರೈಲಿನ ದರ ಬಸ್ಸಿನ ದರದ ಒಂದು ಸಣ್ಣ ಪಾಲು ಮಾತ್ರ. ತಿಂಗಳ ಸೀಸನ್ ಪಾಸನ್ನು 150 ಕಿ.ಮೀ. ದೂರದವರೆಗೆ ಕೊಡುವುದರಿಂದ ಮೈಸೂರಿಗೆ ಓಡಾಡುವವರೂ ಅದರ ಪ್ರಯೋಜನ ಪಡೆಯಬಹುದು; ಬೆಂಗಳೂರು ಆ ಮಿತಿಯ ಆಚೆಗೆ ಬೀಳುತ್ತದೆ. ಇಷ್ಟೆಲ್ಲ ಇದ್ದರೂ ಬೆಳಗ್ಗೆ ಎಂಟರಿಂದ ಹತ್ತರೊಳಗೆ ನಾಲ್ಕೂ ದಿಕ್ಕಿನಿಂದ ಹಾಸನ ತಲುಪಿಸಿ, ಸಂಜೆ ಐದರಿಂದ ಏಳರೊಳಗೆ ಮರಳಿ ಕರೆದೊಯ್ಯುವಂಥ ಸಮಗ್ರ ವೇಳಾಪಟ್ಟಿ ಇಲ್ಲದಿರುವುದು ಈ ನಿಲ್ದಾಣದ ಬಹುದೊಡ್ಡ ಕೊರತೆ ಎಂಬುದು ನನ್ನ ತೀರ್ಮಾನ. ಹಳಿ ಇದೆ, ಊರುಗಳಿವೆ, ಮೈಸೂರು ಮತ್ತು ಅರಸೀಕೆರೆ ಮಾರ್ಗಗಳಿಗೆ ವಿದ್ಯುತ್ ತಂತಿಯೂ ಬಂದಿದೆ. ಬೇಕಾಗಿರುವುದು ಎರಡು ಮೆಮು (ಹತ್ತಿರದ ಊರುಗಳ ನಡುವೆ ಓಡುವ ವಿದ್ಯುತ್) ರೈಲುಗಳು ಮತ್ತು ಅವುಗಳನ್ನು ಹಾಸನಕ್ಕಾಗಿ ಓಡಿಸುವ ಮನಸ್ಸು.

ಪ್ರವಾಸಿಗರಿಗೆ ಒಂದು ಮಾತು. 2023ರಲ್ಲಿ ಬೇಲೂರು, ಹಳೇಬೀಡು ಮತ್ತು ಸೋಮನಾಥಪುರದ ಹೊಯ್ಸಳ ದೇಗುಲಗಳು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಹೊರರಾಜ್ಯದವರು ಹೆಚ್ಚಾಗಿ ಬರುತ್ತಿದ್ದಾರೆ. ಬೇಲೂರು, ಹಳೇಬೀಡುಗಳಿಗೆ ನಿಲ್ದಾಣದಿಂದ ನೇರ ರೈಲಿಲ್ಲ; ಬಸ್ ನಿಲ್ದಾಣಕ್ಕೆ ಹೋಗಿಯೇ ಮುಂದುವರಿಯಬೇಕು. ಆದರೆ ಹೆಚ್ಚು ಜನ ಹೋಗದ ಒಂದು ಹೊಯ್ಸಳ ದೇಗುಲ, 1173ರಲ್ಲಿ ಕಟ್ಟಿದ ಬೂಚೇಶ್ವರ ಗುಡಿ, ಹಾಸನದಿಂದ ಹತ್ತು ಕಿ.ಮೀ. ಆಸುಪಾಸಿನ ಕೋರವಂಗಲದಲ್ಲಿದೆ, ಆ ಊರಿನ ಹೆಸರಿನ ನಿಲ್ದಾಣವೂ ಅರಸೀಕೆರೆ ಮಾರ್ಗದಲ್ಲಿದೆ. ಮೈಸೂರಿನ ಕಡೆ ಹೋಗುವವರು ಹಗಲಿನ ರೈಲನ್ನೇ ಆರಿಸಿಕೊಂಡರೆ ಸಾಗರಕಟ್ಟೆಯ ಬಳಿ ಕೃಷ್ಣರಾಜಸಾಗರದ ಹಿನ್ನೀರಿನ ಮೇಲೆ ರೈಲು ಸಾಗುವುದನ್ನು ನೋಡಬಹುದು. ಜಲಾಶಯ ತುಂಬಿರುವ ಆಗಸ್ಟ್–ಸೆಪ್ಟೆಂಬರಿನಲ್ಲಿ ಎರಡೂ ಬದಿಯಲ್ಲಿ ನೀರೇ ಕಾಣುತ್ತದೆ. ಅಶ್ವಯುಜದಲ್ಲಿ ಹಾಸನಾಂಬೆಯ ಬಾಗಿಲು ತೆರೆದಿರುವ ದಿನಗಳಲ್ಲಿ ಮಾತ್ರ ಮುಂಗಡ ಟಿಕೆಟ್ ಇಲ್ಲದೆ ಹೊರಡುವುದು ಜಾಣತನವಲ್ಲ. ವರ್ಷಕ್ಕೊಮ್ಮೆ ಮಾತ್ರ ದರ್ಶನವಿರುವ ದೇವಿಯಾದ್ದರಿಂದ ಆಗ ಬರುವ ಜನಸಂದಣಿಗೆ ಜನರಲ್ ಬೋಗಿಗಳು ಸಾಲುವುದಿಲ್ಲ.

ಒಟ್ಟು ಅಂಕ ಕೊಡಲೇಬೇಕೆಂದರೆ ಬೆಂಗಳೂರಿಗೆ ಹೋಗುವವರ ಪರವಾಗಿ ಐದಕ್ಕೆ ನಾಲ್ಕು, ಕರಾವಳಿಗೆ ಹೋಗುವವರ ಪರವಾಗಿ ಮೂರು, ಸುತ್ತಲಿನ ತಾಲ್ಲೂಕುಗಳಿಂದ ದಿನವೂ ಓಡಾಡುವವರ ಪರವಾಗಿ ಎರಡಕ್ಕಿಂತ ಹೆಚ್ಚು ಕೊಡಲು ಮನಸ್ಸು ಒಪ್ಪುವುದಿಲ್ಲ. ಚಿಕ್ಕಮಗಳೂರಿಗೆ ಕಡೂರಿನ ಮೂಲಕ ರೈಲು ತಲುಪಿದ್ದು 2013ರಲ್ಲಿ. ಅಲ್ಲಿಂದ ಬೇಲೂರಿನ ಮೇಲೆ ಹಾಸನಕ್ಕೆ ಬರುವ ಮಾರ್ಗವನ್ನು ಈಗ ಕೈಗೆತ್ತಿಕೊಳ್ಳಲಾಗಿದೆ. ಅದು ಮುಗಿದಾಗ ಹಾಸನಕ್ಕೆ ಐದನೆಯ ದಿಕ್ಕೊಂದು ತೆರೆಯುತ್ತದೆ. ಆ ಹಳಿಯ ಮೇಲೆ ಓಡುವ ಮೊದಲ ರೈಲನ್ನು ಬೆಂಗಳೂರು–ಚಿಕ್ಕಮಗಳೂರು ರಾತ್ರಿ ರೈಲಾಗಿ ಮಾಡದೆ, ಬೆಳಗ್ಗೆ ಚಿಕ್ಕಮಗಳೂರಿನಿಂದ ಹೊರಟು ಬೇಲೂರಿನಲ್ಲಿ ನಿಂತು ಹಾಸನ ತಲುಪಿ ಸಂಜೆ ಮರಳುವ ಪ್ಯಾಸೆಂಜರ್ ಆಗಿ ಮಾಡಬೇಕೆಂಬ ಬೇಡಿಕೆಯನ್ನು ಎರಡೂ ಜಿಲ್ಲೆಗಳ ಜನಪ್ರತಿನಿಧಿಗಳು ವೇಳಾಪಟ್ಟಿ ಸಿದ್ಧವಾಗುವ ಮೊದಲೇ ಲಿಖಿತವಾಗಿ ಮುಂದಿಡಬೇಕು.